ಕೆರೆ ತುಂಬಿದೆ, ಹಕ್ಕಿಗಳೆಲ್ಲಿ?

ಈಚೆಗೆ ಬಂದ ನಿಮ್ಮ ಪತ್ರಗಳಲ್ಲಿ ಒಂದೇ ಆತಂಕ: ಚಿತ್ತೆ ಮಳೆ ಚೆನ್ನಾಗಿ ಆಯಿತು, ಮಲ್ಲತ್ತಹಳ್ಳಿ ಕೆರೆ, ಉಲ್ಲಾಳ ಕೆರೆ ತುಂಬಿ ನಿಂತಿವೆ, ಆದರೂ ವಲಸೆ ಹಕ್ಕಿಗಳ ಸುಳಿವಿಲ್ಲ, ನೀರು ಕೆಟ್ಟಿತೇ?

ನೀರು ಕೊಳಕಾಗಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಟೋಬರಿನಲ್ಲಿ ಹಕ್ಕಿ ಕಾಣದಿರಲು ದೊಡ್ಡ ಕಾರಣ ಕೆರೆ ತುಂಬಿರುವುದೇ. ವಲಸೆ ಬರುವ ಗದ್ದೆಗೊರವದ ಕಾಲು ನಿಮ್ಮ ಬೆರಳಿಗಿಂತ ಉದ್ದವಿಲ್ಲ. ಅದು ಕೆಸರಿನಲ್ಲಿ ನಡೆದು ಹುಳ ಹೆಕ್ಕಬೇಕು. ಬಿಳಿಹುಬ್ಬಿನ ಬಾತು ಈಜುತ್ತದೆ ನಿಜ, ಆದರೆ ಮೇಯುವುದು ತಲೆ ಮುಳುಗಿಸಿ ಇಲ್ಲವೇ ಬಾಲ ಮೇಲೆತ್ತಿ, ಕತ್ತು ಎಟಕುವಷ್ಟು ಆಳದಲ್ಲಿ. ಹೆಚ್ಚೆಂದರೆ ಒಂದಡಿ. ಹತ್ತಡಿ ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಊಟ ಸಿಗುತ್ತದೆ, ಈ ಬಾತಿಗೆ ಸಿಗುವುದಿಲ್ಲ.

ಹಳೆಯ ಕೆರೆಯೆಂದರೆ ಒಂದು ಕಡೆ ಓರೆಯಾಗಿಟ್ಟ ತಟ್ಟೆ. ಏರಿಯ ಬಳಿ ಆಳ, ನೀರು ಬರುವ ಕಡೆ ತೆಳು. ದೀಪಾವಳಿ ಕಳೆದು ಮಳೆ ನಿಂತ ಮೇಲೆ ನೀರು ಹಿಂದೆ ಸರಿಯುತ್ತಾ ದಿನಕ್ಕಿಷ್ಟು ಹೊಸ ಕೆಸರು ತೆರೆದುಕೊಳ್ಳುತ್ತಿತ್ತು. ಆ ಕೆಸರೇ ಹಕ್ಕಿಗೆ ಹಾಸಿದ ಊಟದ ಎಲೆ. ನಗರದ ಹಲವು ಕೆರೆಗಳ ಹೂಳೆತ್ತುವಾಗ ನಾವು ಸುತ್ತಲೂ ಕಡಿದಾಗಿ ಅಗೆದು, ಕಲ್ಲು ಕಟ್ಟಿ, ನಡೆಯಲು ದಾರಿ ಮಾಡಿ, ತಟ್ಟೆಯನ್ನು ತಪ್ಪಲೆ ಮಾಡಿದೆವು. ಒಳಚರಂಡಿ ನೀರೋ ಸಂಸ್ಕರಿಸಿದ ನೀರೋ ವರ್ಷವಿಡೀ ಬಂದು ಬೀಳುವ ಕಡೆ ಮಟ್ಟ ಇಳಿಯುವುದೂ ಇಲ್ಲ. ತಪ್ಪಲೆಗೆ ಅಂಚಿಲ್ಲ. ಅಂಚಿಲ್ಲದ ಕೆರೆಗೆ ಗೊರವ ಬಂದು ಎಲ್ಲಿ ಕಾಲೂರಬೇಕು?

ಕೆಂಗೇರಿ ಕಡೆಯ ಒಂದು ಕೆರೆಯಲ್ಲಿ ಜೊಂಡನ್ನೆಲ್ಲ ಕಿತ್ತು, ಸ್ವಚ್ಛವಾಯಿತೆಂದು ಸಂಭ್ರಮಿಸಿದರು. ಮರುವರ್ಷ ಅಲ್ಲಿ ಒಂದು ಜಂಬುಕೋಳಿಯ ದನಿಯೂ ನನಗೆ ಕೇಳಲಿಲ್ಲ. ಜೊಂಡನ್ನು ಕಸ ಎನ್ನುವವರೊಡನೆ ನನಗೆ ತಾಳ್ಮೆ ಉಳಿದಿಲ್ಲ.

ದೊಡ್ಡದಾಗಿ ಕಂಡದ್ದೆಲ್ಲ ಸೈಬೀರಿಯಾದ್ದು ಎನ್ನುವುದನ್ನೂ ದಯವಿಟ್ಟು ಬಿಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನಮ್ಮವೇ. ಮದ್ದೂರಿನ ಬಳಿಯ ಕೊಕ್ಕರೆಬೆಳ್ಳೂರಿನಲ್ಲಿ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ನಿಮ್ಮ ಬೀದಿಯ ಮೋರಿ ಬದಿಯಲ್ಲಿ ಬಾಲ ಆಡಿಸುವ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬಂದದ್ದು, ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಟಿಬೆಟ್ಟಿನ ಕಡೆಯ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡು ನೋಡಬೇಕಾದರೆ ಮಾಗಡಿ ಕೆರೆಗೆ ಹೋಗಿ. ನಮ್ಮ ಮಾಗಡಿ ರಸ್ತೆಯ ಮಾಗಡಿಯಲ್ಲ, ಗದಗ ಜಿಲ್ಲೆಯದು. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ.

ಕೊನೆಗೆ, ಹಕ್ಕಿ ನೋಡಲು ಹೋದಾಗ ಕಡ್ಲೆಪುರಿ, ಬ್ರೆಡ್ಡು ನೀರಿಗೆ ಹಾಕಬೇಡಿ, ಕೊಳೆಯುತ್ತದೆ. ಬೆಳಗ್ಗೆ ಏಳರೊಳಗೆ, ಏರಿಯನ್ನು ಬಿಟ್ಟು, ರಾಜಕಾಲುವೆ ಕೆರೆಗೆ ಸೇರುವ ಮೂಲೆಗೆ ಹೋಗಿ ಹತ್ತು ನಿಮಿಷ ಅಲುಗಾಡದೆ ನಿಲ್ಲಿ. ಕೆಸರಿನ ಬಣ್ಣದ ಪುಟ್ಟ ಹಕ್ಕಿಯೊಂದು ಹಿಂಭಾಗ ಕುಣಿಸುತ್ತಾ ನಡೆದರೆ ಅದು ಗದ್ದೆಗೊರವ. ಜನವರಿಯಲ್ಲಿ ಅದೇ ಮೂಲೆಗೆ ಮತ್ತೆ ಹೋಗಿ, ಕೆಸರು ಎಷ್ಟು ತೆರೆದಿದೆ, ಹಕ್ಕಿ ಎಷ್ಟಿವೆ, ಎರಡನ್ನೂ ನನಗೆ ಬರೆದು ಕಳಿಸಿ.