ಕಂಠ ಮತ್ತು ಪರವಾನಗಿ



ಕಳೆದ ಶತಮಾನದ ನಡುಗಾಲದ ಅಮೆರಿಕದ ಗಾಯಕಿಯರನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದಾಗ ಎಲಾ ಫಿಟ್ಸ್‌ಜೆರಾಲ್ಡ್, ಸಾರಾ ವಾನ್ ಮೊದಲಾದ ಹಲವು ಹೆಸರುಗಳು ನೆನಪಾದವು. ನಾನು ಆರಿಸಿಕೊಂಡದ್ದು ಬಿಲ್ಲಿ ಹಾಲಿಡೇಯನ್ನು ಮಾತ್ರ. ಪರವಾನಗಿಗಳ ಕಡತಗಳ ನಡುವೆ ವೃತ್ತಿಜೀವನ ಕಳೆದ ನನ್ನನ್ನು, ಆಕೆಯ ಬದುಕಿನ ಒಂದು ಸಣ್ಣ ಕಾರ್ಡು ಬಹುಕಾಲದಿಂದ ಕಾಡುತ್ತಿದೆ.

1915ರಲ್ಲಿ ಹುಟ್ಟಿ, ಬಾಲ್ಟಿಮೋರಿನ ಬಡತನದಲ್ಲಿ ಬೆಳೆದ ಈ ಕಪ್ಪು ಹೆಣ್ಣಿಗೆ ಸಂಗೀತದ ಪಾಠವಾಗಿರಲಿಲ್ಲ. ಕಂಠದ ಹರವೂ ಚಿಕ್ಕದು. ಆದರೆ ಮೈಕ್ರೊಫೋನು ಬಂದ ಮೇಲೆ ಏರುದನಿಯ ಅಗತ್ಯ ತಪ್ಪಿತ್ತು. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿದು ಪದವನ್ನಿರಿಸುವ ಆಕೆಯ ರೀತಿಯಿಂದ ಸಾಧಾರಣ ಪ್ರೇಮಗೀತೆಗೂ ಅರ್ಥದ ತೂಕ ಬರುತ್ತಿತ್ತು.

1939ರಲ್ಲಿ ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ಆಕೆ ‘ಸ್ಟ್ರೇಂಜ್ ಫ್ರೂಟ್’ ಹಾಡಿದಳು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದುದನ್ನು ಕುರಿತ ಗೀತೆ ಅದು; ಬರೆದವರು ಏಬಲ್ ಮೀರೊಪೋಲ್ ಎಂಬ ಶಾಲಾ ಉಪಾಧ್ಯಾಯರು. ಹಾಡು ಆರಂಭವಾಗುವ ಮೊದಲು ಪರಿಚಾರಕರು ಕೆಲಸ ನಿಲ್ಲಿಸುತ್ತಿದ್ದರು. ದೀಪಗಳಾರಿ, ಮುಖದ ಮೇಲೊಂದೇ ಬೆಳಕು. ಹಾಡು ಮುಗಿದರೆ ಆಕೆ ವೇದಿಕೆ ಬಿಟ್ಟು ಹೊರಟುಬಿಡುತ್ತಿದ್ದಳು. ಆಕೆಯ ಧ್ವನಿಮುದ್ರಣ ಸಂಸ್ಥೆಯಾದ ಕೊಲಂಬಿಯಾ ಇದನ್ನು ಮುದ್ರಿಸಲು ಒಪ್ಪಲಿಲ್ಲ. ಕಾಮೊಡೋರ್ ಎಂಬ ಸಣ್ಣ ಸಂಸ್ಥೆ ಮುದ್ರಿಸಿತು.

ಇನ್ನು ಕಾರ್ಡಿನ ವಿಷಯ. ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಬೇಕಾದರೆ ಪೊಲೀಸರು ಕೊಡುವ ಕ್ಯಾಬರೆ ಕಾರ್ಡು ಬೇಕಿತ್ತು. 1947ರಲ್ಲಿ ಮಾದಕವಸ್ತುವಿನ ಪ್ರಕರಣದಲ್ಲಿ ಬಿಲ್ಲಿಗೆ ಸೆರೆವಾಸವಾಯಿತು, ಕಾರ್ಡು ಹೋಯಿತು. (ಆಕೆಯ ವ್ಯಸನ ಸುಳ್ಳಲ್ಲ, ಆಕೆಯನ್ನು ಸಂತಳನ್ನಾಗಿಸುವ ಇಚ್ಛೆ ನನಗಿಲ್ಲ.) ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1948ರ ಮಾರ್ಚ್ 27ರಂದು, ಕಾರ್ನೆಗಿ ಹಾಲಿನಲ್ಲಿ ಕಿಕ್ಕಿರಿದ ಸಭೆಗೆ ಹಾಡಿದಳು. ಸಂಗೀತ ಸಭಾಂಗಣಕ್ಕೆ ಕಾರ್ಡು ಬೇಡ. ಐವತ್ತು ಜನ ಕೂರುವ ಕ್ಲಬ್ಬಿಗೆ ಬೇಕು. ಜಾಸ್ ಗಾಯಕಿಯ ನಿತ್ಯದ ಅನ್ನವಿದ್ದುದು ಅಲ್ಲಿಯೇ.

ಗಮನಿಸಿ, ಆಕೆಯನ್ನು ಕ್ಲಬ್ಬುಗಳಿಂದ ದೂರವಿಡಲು ಹಾಡನ್ನು ನಿಷೇಧಿಸಬೇಕಾಗಿರಲಿಲ್ಲ. ಅರ್ಜಿಯನ್ನು ಪುರಸ್ಕರಿಸಲಾಗಿಲ್ಲ ಎಂಬ ಒಂದು ಷರಾ ಸಾಕು. ಅಂಥ ಷರಾಗಳನ್ನು ನಾನೂ ಬರೆದಿದ್ದೇನೆ, ನಿಯಮಾನುಸಾರವಾಗಿಯೇ. ಅರ್ಜಿದಾರನ ಮನೆಯಲ್ಲಿ ಆ ಸಂಜೆ ಏನಾಯಿತೆಂದು ವಿಚಾರಿಸಿದವನಲ್ಲ.

1959ರ ಜುಲೈ 17ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಆಕೆ ತೀರಿಕೊಂಡಳು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಹಾಸಿಗೆಯಲ್ಲಿದ್ದಾಗಲೇ ಬಂಧಿಸಿ ಪೊಲೀಸ್ ಕಾವಲಿಟ್ಟಿದ್ದರು. ಕ್ಯಾಬರೆ ಕಾರ್ಡಿನ ಪದ್ಧತಿ ರದ್ದಾದದ್ದು 1967ರಲ್ಲಿ.

1958ರಲ್ಲಿ ಮುದ್ರಿತವಾದ ‘ಲೇಡಿ ಇನ್ ಸ್ಯಾಟಿನ್’ ಎಂಬ ಆಕೆಯ ಧ್ವನಿಮುದ್ರಿಕೆ ನನ್ನ ಬಳಿ ಇದೆ. ಕಂಠ ಅಲ್ಲಿ ಒಡೆದಿದೆ, ಮೇಲಿನ ಸ್ವರಗಳು ನಿಲ್ಲುವುದಿಲ್ಲ. ತಂತಿವಾದ್ಯಗಳ ಮೇಳ ಅತಿಯಾಯಿತೆಂದೂ ನನಗನ್ನಿಸುತ್ತದೆ. ಆದರೆ ಪದವನ್ನು ತಡೆದು ಇರಿಸುವ ಆ ಜಾಣ್ಮೆ ಸ್ವಲ್ಪವೂ ಸವೆದಿಲ್ಲ. ಅಧ್ಯಕ್ಷರ ಅಪ್ಪಣೆಯಾದರೆ ಒಂದು ಹಾಡನ್ನು ಈಗ ಕೇಳಿಸುತ್ತೇನೆ.