ಆರೋಪ, ಆಟಗಾರ ಮತ್ತು ನಮ್ಮ ಮನೆಯ ಮಕ್ಕಳು

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ಮಾತನಾಡಬೇಕಾದ ವಿಷಯವನ್ನು ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಹೆಸರಾಂತ ಆಟಗಾರನೊಬ್ಬನ ಮೇಲೆ ಹೆಣ್ಣುಮಗಳೊಬ್ಬಳು ಲೈಂಗಿಕ ದೌರ್ಜನ್ಯದ ದೂರು ಕೊಟ್ಟರೆ ಏನಾಗುತ್ತದೆ, ಏನಾಗಬೇಕು ಎಂಬುದು ಆ ವಿಷಯ. ಮಕ್ಕಳ ಮುಂದೆ ಇದೆಲ್ಲ ಏಕೆ ಎಂದು ಹಿರಿಯರು ಕೇಳಬಹುದು. ಮಕ್ಕಳು ನಮಗಿಂತ ಮೊದಲೇ ಮೊಬೈಲಿನಲ್ಲಿ ಓದಿ, ತಮ್ಮತಮ್ಮಲ್ಲೇ ತೀರ್ಪು ಕೊಟ್ಟು ಮುಗಿಸಿರುತ್ತಾರೆ. ಆ ತೀರ್ಪು ಹೇಗಿರುತ್ತದೆ ಎಂಬುದು ಮದ್ದೂರು ಬಸ್ ನಿಲ್ದಾಣದಲ್ಲಿ ಕೆಂಪು ಜೆರ್ಸಿ ತೊಟ್ಟು ನಿಂತ ಹುಡುಗರ ಮಾತಿಗೆ ಐದು ನಿಮಿಷ ಕಿವಿಗೊಟ್ಟರೆ ತಿಳಿಯುತ್ತದೆ. ನಮ್ಮ ತಂಡದವನಾದರೆ ಆಕೆ ಸುಳ್ಳುಗಾರ್ತಿ, ಎದುರು ತಂಡದವನಾದರೆ ಅವನು ನೀಚ. ಸಾಕ್ಷ್ಯ, ವಿಚಾರಣೆ ಯಾವುದೂ ಬೇಕಾಗಿಲ್ಲ.

ಆದ್ದರಿಂದ ಆ ಕೆಂಪು ಜೆರ್ಸಿಯ ತಂಡದಿಂದಲೇ ಆರಂಭಿಸುತ್ತೇನೆ. 2012ರ ಮೇ 17ರಂದು ದೆಹಲಿಯಲ್ಲಿ ರಾಯಲ್ ಚಾಲೆಂಜರ್ಸ್ ತಂಡ ಡೆಲ್ಲಿ ಡೇರ್‌ಡೆವಿಲ್ಸ್ ವಿರುದ್ಧ ಗೆದ್ದಿತು. ಕ್ರಿಸ್ ಗೇಲ್ 128 ರನ್ ಹೊಡೆದ ಪಂದ್ಯ ಅದು. ಆ ರಾತ್ರಿ ತಂಡ ಉಳಿದುಕೊಂಡಿದ್ದ ಹೋಟೆಲಿನಲ್ಲಿ ನಡೆದ ಘಟನೆಯ ಬಗ್ಗೆ ಅಮೆರಿಕನ್ ಮಹಿಳೆಯೊಬ್ಬರು ಪೊಲೀಸರಿಗೆ ದೂರಿತ್ತರು. ತಂಡದ ಆಸ್ಟ್ರೇಲಿಯಾದ ಬ್ಯಾಟುಗಾರ ಲ್ಯೂಕ್ ಪಾಮರ್ಸ್‌ಬಾಕ್ ತಮ್ಮೊಡನೆ ಅಸಭ್ಯವಾಗಿ ವರ್ತಿಸಿದರು, ತಡೆಯಲು ಬಂದ ತಮ್ಮ ಭಾವಿ ಪತಿಗೆ ಹೊಡೆದರು ಎಂಬುದು ದೂರು. ಮರುದಿನವೇ ಆಟಗಾರನ ಬಂಧನವಾಯಿತು, ಜಾಮೀನೂ ದೊರೆಯಿತು. ತಂಡದ ಆಡಳಿತ ಅವರನ್ನು ಅಮಾನತಿನಲ್ಲಿಟ್ಟಿತು.

ಇಲ್ಲಿಯವರೆಗೆ ಸರಿಯಾಗಿಯೇ ನಡೆಯಿತು ಎನ್ನಬಹುದು. ಆದರೆ ತಂಡದ ಮಾಲೀಕರ ಮಗ ಸಿದ್ಧಾರ್ಥ ಮಲ್ಯ ಟ್ವಿಟರಿನಲ್ಲಿ ದೂರು ಕೊಟ್ಟ ಮಹಿಳೆಯ ನಡತೆಯ ಬಗೆಗೇ ಬರೆದರು. ಹಿಂದಿನ ರಾತ್ರಿ ಆಕೆ ತಮ್ಮೊಡನೆ ಹೇಗೆ ನಡೆದುಕೊಂಡರು ಎಂಬುದನ್ನು ಊರಿಗೆಲ್ಲ ಸಾರಿದರು. ಆಕೆ ಅವರಿಗೆ ಲಾಯರ್ ನೋಟಿಸು ಕಳಿಸಬೇಕಾಯಿತು. ಗಮನಿಸಿ, ದೂರು ಇದ್ದದ್ದು ಆಟಗಾರನ ಮೇಲೆ. ಒಂದೇ ದಿನದಲ್ಲಿ ವಿಚಾರಣೆ ಶುರುವಾದದ್ದು ಹೆಣ್ಣಿನ ಮೇಲೆ. ಮುಂದೆ ಎರಡೂ ಕಡೆಯವರು ರಾಜಿಯಾದರು, ದೆಹಲಿ ಹೈಕೋರ್ಟ್ ಪ್ರಕರಣವನ್ನು ರದ್ದುಪಡಿಸಿತು. ಅಲ್ಲಿ ನಡೆದದ್ದೇನು ಎಂಬುದು ಯಾವ ನ್ಯಾಯಾಲಯದಲ್ಲೂ ನಿರ್ಣಯವಾಗಲಿಲ್ಲ. ಹಾಗಾಗಿ ಅವರು ತಪ್ಪು ಮಾಡಿದರೆಂದು ಹೇಳುವ ಹಕ್ಕು ನಮಗಿಲ್ಲ, ಆಕೆ ಸುಳ್ಳು ಹೇಳಿದರೆಂದು ಹೇಳುವ ಹಕ್ಕೂ ಇಲ್ಲ.

ಆಟಗಾರನ ಬದುಕು ಏನಾಯಿತು? ಈತನ ಕಥೆಯೇ ವಿಚಿತ್ರ. 2007ರಲ್ಲಿ ಪರ್ತ್‌ನಲ್ಲಿ ಪಂದ್ಯ ನೋಡಲು ಬಂದಿದ್ದವರನ್ನು ಇನ್ನೊಬ್ಬರಿಗೆ ಗಾಯವಾಯಿತೆಂದು ಕರೆದು ಆಸ್ಟ್ರೇಲಿಯಾ ತಂಡದಲ್ಲಿ ಆಡಿಸಿದ್ದರು. ದೇಶಕ್ಕಾಗಿ ಆಡಿದ್ದು ಆ ಒಂದೇ ಪಂದ್ಯ. ದೆಹಲಿಯ ಪ್ರಕರಣದ ನಂತರ 'ಜೀವನವೇ ಮುಗಿಯಿತು' ಎಂದವರಿದ್ದರು. ಆದರೆ 2013ರ ಹರಾಜಿನಲ್ಲಿ ಪಂಜಾಬ್ ತಂಡ ಅವರನ್ನು 3 ಲಕ್ಷ ಡಾಲರಿಗೆ ಕೊಂಡಿತು. ಕ್ರಿಕೆಟ್ಟಿನಿಂದ ಅವರು ದೂರವಾದದ್ದು 2014ರಲ್ಲಿ, ಬೇರೆ ಕಷ್ಟಗಳಿಂದ. ಹರಾಜಿನ ಕೋಣೆಯಲ್ಲಿ ಎಣಿಕೆಗೆ ಬರುವುದು ರನ್ನು ಮತ್ತು ವಿಕೆಟ್ಟು.

ಅದೇ ತಂಡದ ಇತ್ತೀಚಿನ ಪ್ರಕರಣ ನಿಮಗೆ ನೆನಪಿರಬಹುದು. 2025ರ ಜೂನ್ 3ರಂದು ತಂಡ ಮೊದಲ ಬಾರಿಗೆ ಕಪ್ ಗೆದ್ದ ಕೆಲವೇ ವಾರಗಳಲ್ಲಿ ವೇಗದ ಬೌಲರ್ ಯಶ್ ದಯಾಳ್ ಮೇಲೆ ಗಾಜಿಯಾಬಾದಿನಲ್ಲಿ ಒಂದು, ಆಮೇಲೆ ಜೈಪುರದಲ್ಲಿ ಪೋಕ್ಸೋ ಕಾಯ್ದೆಯಡಿ ಇನ್ನೊಂದು ಪ್ರಕರಣ ದಾಖಲಾದವು. ಅವರು ಆರೋಪಗಳನ್ನು ನಿರಾಕರಿಸಿದರು. ಮೊದಲನೆಯದರಲ್ಲಿ ಅಲಹಾಬಾದ್ ಹೈಕೋರ್ಟ್ ಬಂಧನಕ್ಕೆ ತಡೆ ಕೊಟ್ಟಿತು, ಎರಡನೆಯದರಲ್ಲಿ ರಾಜಸ್ಥಾನ ಹೈಕೋರ್ಟಿನಿಂದ ಅಂಥ ತಡೆ ಸಿಗಲಿಲ್ಲ. ಆ ನವೆಂಬರಿನಲ್ಲಿ ತಂಡ ಅವರನ್ನು ಮುಂದಿನ ಋತುವಿಗೂ ಉಳಿಸಿಕೊಂಡಿತು. ಸತ್ಯ ಯಾವುದೆಂದು ಹೇಳಬೇಕಾದ್ದು ನ್ಯಾಯಾಲಯ, ನಾನಲ್ಲ. ನನ್ನ ಪ್ರಶ್ನೆ ತಂಡಕ್ಕೆ. 2012ರಲ್ಲಿ ಒಂದೇ ದಿನದಲ್ಲಿ ಅಮಾನತು, 2025ರಲ್ಲಿ ಪ್ರಕರಣಗಳಿದ್ದಾಗಲೇ ಮುಂದುವರಿಕೆ. ಇದರ ಹಿಂದೆ ನಿಯಮವೊಂದಿದ್ದರೆ ಅದನ್ನು ಅಭಿಮಾನಿಗಳಿಗೂ ತಿಳಿಸಬೇಡವೇ?

ಆರೋಪ ಬಂದ ಮಾತ್ರಕ್ಕೆ ಆಟಗಾರನ ಅನ್ನ ಕಿತ್ತುಕೊಳ್ಳುವುದು ಅನ್ಯಾಯವಲ್ಲವೇ ಎಂದು ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಶ್ರೀಲಂಕಾದ ದನುಷ್ಕ ಗುಣತಿಲಕ 2022ರ ನವೆಂಬರಿನಲ್ಲಿ, ವಿಶ್ವಕಪ್ ಮುಗಿಸಿ ತಂಡ ಊರಿಗೆ ಹೊರಡುವ ಹೊತ್ತಿಗೆ, ಸಿಡ್ನಿಯಲ್ಲಿ ಬಂಧನಕ್ಕೊಳಗಾದರು. ಅವರ ದೇಶದ ಕ್ರಿಕೆಟ್ ಮಂಡಳಿ ಕೂಡಲೇ ಅಮಾನತು ಮಾಡಿತು. ಸುಮಾರು 11 ತಿಂಗಳು ಆಸ್ಟ್ರೇಲಿಯಾದಲ್ಲೇ ಇರಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು, ಮುಂದಿನ ತಿಂಗಳು ಮಂಡಳಿ ನಿಷೇಧ ತೆಗೆಯಿತು. ಕಳೆದುಹೋದ ಆ 11 ತಿಂಗಳನ್ನು ಯಾರೂ ಮರಳಿ ಕೊಡಲಾರರು; ಆಟಗಾರನಿಗೆ ಒಂದು ವರ್ಷವೆಂದರೆ ನಮ್ಮ ಐದು ವರ್ಷಕ್ಕೆ ಸಮ. ನೇಪಾಳದ ನಾಯಕನಾಗಿದ್ದ ಸಂದೀಪ್ ಲಾಮಿಛಾನೆ ಅವರದು ಇನ್ನೂ ಏರಿಳಿತದ ಕಥೆ. ಜಾಮೀನಿನ ಮೇಲಿದ್ದಾಗ 2023ರಲ್ಲಿ ಅವರನ್ನು ಆಡಿಸಿದರು, ಎದುರಾಳಿ ತಂಡಗಳಾದ ಸ್ಕಾಟ್ಲೆಂಡ್ ಮತ್ತು ನಮೀಬಿಯಾದ ಆಟಗಾರರು ಅವರ ಕೈ ಕುಲುಕಲಿಲ್ಲ. 2024ರ ಜನವರಿಯಲ್ಲಿ ಕಠ್ಮಂಡು ಜಿಲ್ಲಾ ನ್ಯಾಯಾಲಯ 8 ವರ್ಷ ಶಿಕ್ಷೆ ವಿಧಿಸಿತು. ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಬಿಡುಗಡೆ ಮಾಡಿತು. ಜೂನ್‌ನಲ್ಲಿ ಅವರು ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್ ಆಡುತ್ತಿದ್ದರು.

ಹಾಗಾದರೆ ಅಮಾನತೇ ತಪ್ಪೇ? ನಮ್ಮ ಊರಿನ ಅನುಭವದಿಂದಲೇ ನೋಡೋಣ. ಸರ್ಕಾರಿ ನೌಕರನ ಮೇಲೆ ಗಂಭೀರ ದೂರು ಬಂದರೆ ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡುತ್ತಾರೆ, ಜೀವನಾಧಾರ ಭತ್ಯೆ ಕೊಡುತ್ತಾರೆ, ನಿರ್ದೋಷಿ ಎಂದಾದರೆ ಹುದ್ದೆಗೆ ಮರಳಿಸುತ್ತಾರೆ. ಅದು ಶಿಕ್ಷೆಯಲ್ಲ, ಸಾಕ್ಷಿಗಳ ಮೇಲೆ ಒತ್ತಡ ಬೀಳದಿರಲಿ ಎಂಬ ಏರ್ಪಾಡು. ಕ್ರೀಡೆಯಲ್ಲೂ ಅದು ಸಾಧ್ಯ: ಅವಧಿ ಗೊತ್ತಿರಬೇಕು, ವಿಚಾರಣೆ ಬೇಗ ಮುಗಿಯಬೇಕು, ಆ ಕಾಲದ ಜೀವನಕ್ಕೆ ದಾರಿ ಇರಬೇಕು. ತಡವಾದಷ್ಟೂ ಇಬ್ಬರಿಗೂ ನಷ್ಟ.

ಇಬ್ಬರಿಗೂ ಎಂದೆ. ಪತ್ರಿಕೆಗಳಲ್ಲಿ 'ಆಟಗಾರನ ಭವಿಷ್ಯಕ್ಕೆ ಕುತ್ತು' ಎಂಬ ತಲೆಬರಹ ನೋಡಿದ್ದೀರಿ. 'ದೂರು ಕೊಟ್ಟವಳ ಭವಿಷ್ಯಕ್ಕೆ ಕುತ್ತು' ಎಂಬುದನ್ನು ಕಂಡದ್ದುಂಟೇ? 2010ರಲ್ಲಿ ಭಾರತದ ಮಹಿಳಾ ಹಾಕಿ ತಂಡದ ತರಬೇತುದಾರರ ಮೇಲೆ ಆಟಗಾರ್ತಿಯೊಬ್ಬರು ದೂರಿತ್ತರು. ಅವರು ಆರೋಪ ನಿರಾಕರಿಸಿ ರಾಜೀನಾಮೆ ಕೊಟ್ಟರು. 2023ರ ಜನವರಿಯಲ್ಲಿ ದೇಶದ ಹೆಮ್ಮೆಯ ಕುಸ್ತಿಪಟುಗಳೇ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತರು. ಒಕ್ಕೂಟದ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಎಫ್‌ಐಆರ್ ದಾಖಲಾಗಲು ಏಪ್ರಿಲ್ 28ರವರೆಗೆ ಕಾಯಬೇಕಾಯಿತು, ಅದೂ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ. ಮೇ 28ರಂದು ಪೊಲೀಸರು ಆ ಹೆಣ್ಣುಮಕ್ಕಳನ್ನು ರಸ್ತೆಯಿಂದ ಎತ್ತಿ ವ್ಯಾನಿಗೆ ಹಾಕಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. 2024ರ ಮೇ ತಿಂಗಳಲ್ಲಿ ನ್ಯಾಯಾಲಯ ಆತನ ಮೇಲೆ ದೋಷಾರೋಪ ಹೊರಿಸಿತು. ಅಪ್ರಾಪ್ತ ವಯಸ್ಕಳ ಹೆಸರಿನಲ್ಲಿದ್ದ ಪೋಕ್ಸೋ ಪ್ರಕರಣ 2025ರ ಮೇ ತಿಂಗಳಲ್ಲಿ ಮುಕ್ತಾಯವಾಯಿತು. ಆತ ಎಲ್ಲ ಆರೋಪಗಳನ್ನೂ ನಿರಾಕರಿಸುತ್ತಲೇ ಬಂದವರು. ಈ ನಡುವೆ ಒಲಿಂಪಿಕ್ ಪದಕ ಗೆದ್ದ ಸಾಕ್ಷಿ ಮಲಿಕ್ 2023ರ ಡಿಸೆಂಬರಿನಲ್ಲಿ ತಮ್ಮ ಬೂಟುಗಳನ್ನು ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟರು. ದೂರು ಯಾರ ಮೇಲಿತ್ತು, ಆಟ ನಿಂತದ್ದು ಯಾರದ್ದು?

ಪೋಷಕರೇ, ನಾನು ಬಂದದ್ದು ಈ ಮಾತಿಗಾಗಿಯೇ. ದೆಹಲಿಯ ವಿಷಯ ಹೇಳಿ ನಮ್ಮ ಮನೆಯ ವಿಷಯ ಬಿಟ್ಟರೆ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಇಂದು ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟಕ್ಕೆ ಬರುತ್ತಾರೆ, ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಓಡುತ್ತಾರೆ. ಬೆಳಗಿನ ಬಸ್ಸಿಗೆ ಮಳವಳ್ಳಿ ಕಡೆಯಿಂದ ಹೊರಡುವ ಮಗಳ ಜೊತೆ ಅಪ್ಪ ನಿಲ್ದಾಣದವರೆಗೆ ಬರುವುದನ್ನು ನೋಡಿದರೆ ಸಂತೋಷವಾಗುತ್ತದೆ. ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅದೇ ಮನೆಯಲ್ಲಿ 'ಸಾಕು, ನಾಳೆಯಿಂದ ಆಟ ಬೇಡ' ಎಂಬ ಮಾತು ಬರುತ್ತದೆ. ಪ್ರೀತಿಯಿಂದಲೇ, ಭಯದಿಂದಲೇ ಬರುತ್ತದೆ, ಬಲ್ಲೆ. ಆದರೆ ಆ ಮಾತನ್ನು ಕೇಳಿಸಿಕೊಂಡ ಮಗು ಏನು ಲೆಕ್ಕ ಹಾಕುತ್ತದೆ ಯೋಚಿಸಿ. ನನಗೇನಾದರೂ ಆಗಿ, ಅದನ್ನು ಮನೆಯಲ್ಲಿ ಹೇಳಿದರೆ, ಮೊದಲು ನಿಲ್ಲುವುದು ನನ್ನ ಆಟ, ಆಮೇಲೆ ನನ್ನ ಓದು, ಆಮೇಲೆ ಮದುವೆಯ ಮಾತು. ಹೀಗೆ ಲೆಕ್ಕ ಹಾಕಿದ ಮಗು ಬಾಯಿ ಬಿಡುವುದಿಲ್ಲ. ಕೈ ಮಾಡಿದವನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇಕೇ? ಮನೆಯವರ ಮೌನವನ್ನೂ ಮಗುವಿನ ಮೌನವನ್ನೂ ಅವನು ಮೊದಲೇ ಎಣಿಸಿಕೊಂಡಿರುತ್ತಾನೆ.

ಗಂಡುಮಕ್ಕಳಿಗೂ ಒಂದು ಮಾತಿದೆ. ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ 2019ರ ಜನವರಿಯಲ್ಲಿ ಪ್ರಸಾರವಾದ ಟಿವಿ ಕಾರ್ಯಕ್ರಮವೊಂದಕ್ಕೆ ಹೋಗಿದ್ದರು. ಹೆಂಗಸರ ಬಗ್ಗೆ ಅಲ್ಲಿ ಆಡಿದ ಹಗುರ ಮಾತಿನಿಂದ ಇಬ್ಬರೂ ಅಮಾನತಾಗಿ ಆಸ್ಟ್ರೇಲಿಯಾದಿಂದ ವಾಪಸು ಬಂದರು. ಹೆಚ್ಚು ಮಾತಾಡಿದವರು ಪಾಂಡ್ಯ. ಜೊತೆಗೆ ಕುಳಿತಿದ್ದ ರಾಹುಲ್‌ಗೂ ಅದೇ ಕ್ರಮವಾಯಿತು. ತಲಾ 20 ಲಕ್ಷ ರೂಪಾಯಿ ದಂಡ ಕಟ್ಟಿದರು. ಅದರಲ್ಲಿ 10 ಲಕ್ಷ ಹುತಾತ್ಮರಾದ ಅರೆಸೇನಾ ಯೋಧರ ಕುಟುಂಬಗಳಿಗೆ, 10 ಲಕ್ಷ ಅಂಧರ ಕ್ರಿಕೆಟ್ಟಿಗೆ ಹೋಯಿತು. ಅಲ್ಲಿ ಯಾವ ಹೆಣ್ಣಿನ ದೂರೂ ಇರಲಿಲ್ಲ, ಬರೀ ಮಾತಿಗೆ ಅಷ್ಟಾಯಿತು. ಇಬ್ಬರೂ ಮರಳಿ ಬಂದು ಆಡಿದರು ಎಂಬುದನ್ನೂ ಹೇಳಬೇಕು. ಇನ್ನೊಂದು ವಿಷಯ: 18 ವರ್ಷದೊಳಗಿನ ಹುಡುಗಿ 'ಒಪ್ಪಿದ್ದಳು' ಎಂಬ ಮಾತಿಗೆ ಪೋಕ್ಸೋ ಕಾಯ್ದೆಯಲ್ಲಿ ಬೆಲೆಯೇ ಇಲ್ಲ. ಇದು ಗೊತ್ತಿಲ್ಲದೆ ಜೈಲು ಕಂಡ ಹುಡುಗರಿದ್ದಾರೆ.

ಈಗ ಕಾನೂನಿನ ಮಾತು, ಸಂಕ್ಷೇಪವಾಗಿ. 2013ರ ಕಾಯ್ದೆ ಕಚೇರಿಗಷ್ಟೇ ಎಂದು ತಿಳಿದವರೇ ಹೆಚ್ಚು. ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಸ್ಥಳ ಎಲ್ಲವೂ ಅದರಲ್ಲಿ 'ಕೆಲಸದ ಸ್ಥಳ' ಎಂದೇ ಸೇರಿವೆ. 10 ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದ ಕಡೆಯವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗುತ್ತದೆ. ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಕ್ರಮವುಂಟು, ಆದರೆ ಸಾಬೀತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. 'ಕೇಸು ನಿಲ್ಲಲಿಲ್ಲ, ಅಂದರೆ ಅವಳು ಸುಳ್ಳಿ' ಎನ್ನುವ ನಮ್ಮ ಕಟ್ಟೆಪುರಾಣದವರು ಇದನ್ನು ಓದಬೇಕು.

ಮಕ್ಕಳ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆ ಇನ್ನೂ ಕಟ್ಟುನಿಟ್ಟು. ವಿಷಯ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ, ಮುಚ್ಚಿಟ್ಟವರು ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. 'ಶಾಲೆಯ ಮರ್ಯಾದೆ' ಎಂಬ ನೆಪ ನಡೆಯುವುದಿಲ್ಲ. ಮಗುವಿನ ಹೆಸರು, ಊರು, ಶಾಲೆ, ಫೋಟೋ ಯಾವುದನ್ನೂ ಪ್ರಕಟಿಸಬಾರದು. ವಾಟ್ಸಾಪ್ ಗುಂಪಿನಲ್ಲೂ ಹಾಕಬೇಡಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181, ತುರ್ತಿಗೆ 112. 2025ರಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರ ಮತ್ತು ಅಪ್ರಾಪ್ತ ಕ್ರೀಡಾಪಟುಗಳ ಸುರಕ್ಷತೆಗೆ ನೀತಿ ಇರಬೇಕೆಂದು ಕ್ರೀಡಾ ಸಂಸ್ಥೆಗಳಿಗೆ ಹೇಳಿದೆ. ದೆಹಲಿಯಲ್ಲಿ ಬರೆದದ್ದು ಹಳ್ಳಿಯ ಕಬಡ್ಡಿ ಅಂಕಣದವರೆಗೆ ಬರಲು ಎಷ್ಟು ವರ್ಷ ಬೇಕೋ!

ಅದು ಬರುವವರೆಗೆ ನೀವು ಕೇಳಬಹುದಾದ ಪ್ರಶ್ನೆಗಳಿವೆ. ಮಗಳು ಹೊರ ಊರಿನ ಪಂದ್ಯಕ್ಕೆ ಆಯ್ಕೆಯಾದಳೆಂದು ದೈಹಿಕ ಶಿಕ್ಷಕರು ಒಪ್ಪಿಗೆ ಪತ್ರ ಕಳಿಸುತ್ತಾರೆ. ಸಹಿ ಹಾಕುವ ಮೊದಲು ಶಾಲೆಗೆ ಹೋಗಿ ಕೇಳಿ: ಜೊತೆಗೆ ಯಾವ ಶಿಕ್ಷಕಿ ಬರುತ್ತಾರೆ? ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ, ಆ ಕೋಣೆಯ ಚಿಲಕ ಒಳಗಿನಿಂದ ಬೀಳುತ್ತದೆಯೇ? ತರಬೇತುದಾರರು ಮಗುವನ್ನು ಒಬ್ಬಳನ್ನೇ ಕರೆಯುವುದುಂಟೇ? ಹೀಗೆ ಕೇಳಿದರೆ ಒಳ್ಳೆಯ ಶಿಕ್ಷಕರಿಗೆ ಬೇಸರವಾಗುವುದಿಲ್ಲ. ಬೇಸರಪಟ್ಟವರ ಹೆಸರನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಸಹಿ ಹಾಕಿ, ಮಗಳನ್ನು ಆಡಲು ಕಳಿಸಿ.