ಕಣ್ಣುಳ್ಳವರು ಮುಂದೆ ನಡೆಯಲಿ



ಶ್ರಾವಣದ ಈ ಪ್ರವಚನಮಾಲೆಯಲ್ಲಿ ಇಂದು ಒಂದು ಶಬ್ದವನ್ನು ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಅದು ‘ಪರಿಸರ’ ಎಂಬ ಶಬ್ದ. ಶಾಲೆಯ ಮಕ್ಕಳಿಂದ ಹಿಡಿದು ಮಂತ್ರಿಮಹೋದಯರವರೆಗೆ ಎಲ್ಲರ ಬಾಯಲ್ಲಿಯೂ ಈ ಶಬ್ದ ಉಂಟು. ಜೂನ್ ೫ ಬಂತೆಂದರೆ ಸಸಿ ನೆಡುವವರ ಭಾವಚಿತ್ರಗಳಿಗೆ ಲೆಕ್ಕವಿಲ್ಲ. ಸಸಿಯ ಲೆಕ್ಕ ಮಾತ್ರ ಮುಂದಿನ ಜೂನ್ ತಿಂಗಳಲ್ಲಿ ಯಾರೂ ಕೇಳುವುದಿಲ್ಲ. ಇರಲಿ. ಶಬ್ದದ ಅರ್ಥವೇನು? ‘ಸೃ’ ಎಂಬ ಧಾತುವಿಗೆ ಚಲಿಸು, ಹರಿ ಎಂದರ್ಥ. ‘ಪರಿ’ ಎಂದರೆ ಸುತ್ತಲೂ. ಸಂಸ್ಕೃತದಲ್ಲಿ ಪರಿಸರವೆಂದರೆ ಹತ್ತಿರದ ನೆಲ, ಊರಿನ ಅಂಚು, ಹೊಳೆಯ ದಂಡೆ. ದೂರದ ದಟ್ಟಡವಿಗಾಗಿ ಹುಟ್ಟಿದ ಶಬ್ದ ಇದಲ್ಲ. ಮನೆಯ ಹೊಸ್ತಿಲು ದಾಟಿದೊಡನೆ ಕಾಲಿಗೆ ತಾಗುವ ನೆಲವೇ ಪರಿಸರ.

ಹಾಗಾದರೆ ಯಾರ ಮನೆಯ ಹೊಸ್ತಿಲು? ಇದು ಕೇಳಬೇಕಾದ ಪ್ರಶ್ನೆ. ಊರ ಗಟಾರವೆಲ್ಲ ಹರಿದುಹೋಗಿ ನಿಲ್ಲುವುದು ಎಲ್ಲಿ? ಕಲ್ಲು ಒಡೆಯುವ ಯಂತ್ರದ ಧೂಳು ಬಂದು ಕೂಡುವುದು ಯಾರ ಅಡುಗೆಯ ಗಡಿಗೆಯ ಮೇಲೆ? ಪಟ್ಟಣದ ಕಸವನ್ನು ಹೇರಿಕೊಂಡ ಟ್ರ್ಯಾಕ್ಟರು ಯಾವ ಓಣಿಯ ಕಡೆಗೆ ತಿರುಗುತ್ತದೆ? ಗೌಡರ ವಾಡೆಯ ಮುಂದೆ ಕಸ ಸುರಿದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ನೀವು ನಗುತ್ತೀರಿ. ಉತ್ತರ ನಿಮಗೆ ಗೊತ್ತಿರುವುದರಿಂದಲೇ ನಗುತ್ತೀರಿ. ಗಾಳಿ, ನೀರು, ಬೆಳಕು ಎಲ್ಲರಿಗೂ ಸಮಾನವೆಂದು ವೇದಿಕೆಯ ಮೇಲೆ ನಾವೆಲ್ಲರೂ ಹೇಳುತ್ತೇವೆ. ದೇವರು ಕೊಟ್ಟದ್ದು ಸಮಾನವಾಗಿಯೇ, ಹಂಚಿದವರು ಮನುಷ್ಯರು. ಹಂಚುವಾಗ ಒಳ್ಳೆಯ ಗಾಳಿ ಒಂದು ಓಣಿಗೆ, ಹೊಗೆ ಇನ್ನೊಂದು ಕೇರಿಗೆ ಬಂದಿತು.

ಇದನ್ನು ಸರಿಪಡಿಸುವ ಕಾರ್ಯಕ್ಕೆ ‘ಪರಿಸರ ನ್ಯಾಯ’ ಎಂಬ ಹೆಸರು ಅಮೆರಿಕ ದೇಶದಲ್ಲಿ ರೂಢಿಗೆ ಬಂತೆಂದು ನಮ್ಮ ಕಾಲೇಜಿನ ಉಪನ್ಯಾಸಕರೊಬ್ಬರು ಓದಿ ವಿವರಿಸಿದರು. ಉತ್ತರ ಕ್ಯಾರೊಲಿನಾ ರಾಜ್ಯದ ವಾರೆನ್ ಕೌಂಟಿ ಎಂಬಲ್ಲಿ ವಿಷ ಬೆರೆತ ಮಣ್ಣನ್ನು ಹೂಳಲು ಅಲ್ಲಿಯ ಸರಕಾರ ಜಾಗ ಗೊತ್ತುಮಾಡಿತು. ಅಲ್ಲಿ ಹೆಚ್ಚಿನವರು ಕಪ್ಪು ಜನ, ಬಡವರು. ೧೯೮೨ರಲ್ಲಿ ಅವರು ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿದರು. ೫೦೦ಕ್ಕೂ ಹೆಚ್ಚು ಮಂದಿಯನ್ನು ಹಿಡಿದೊಯ್ದರು. ಮಣ್ಣು ಅಲ್ಲಿಯೇ ಬಿತ್ತು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ೧೯೮೭ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಕ್ರೈಸ್ತ ಸಂಸ್ಥೆಯು, ದೇಶದಲ್ಲಿ ವಿಷತ್ಯಾಜ್ಯದ ಜಾಗಗಳು ಎಲ್ಲೆಲ್ಲಿವೆ, ಅವುಗಳ ಬದಿಗೆ ವಾಸಿಸುವವರು ಯಾರು ಎಂದು ಲೆಕ್ಕ ಹಾಕಿ ಅಚ್ಚು ಮಾಡಿಸಿತು. ಲೆಕ್ಕ ಎಲ್ಲವನ್ನೂ ಹೇಳಿಬಿಟ್ಟಿತು. ಆ ವಾರೆನ್ ಕೌಂಟಿಯ ಮಣ್ಣನ್ನು ಶುದ್ಧಿಗೊಳಿಸುವ ಕೆಲಸ ಮುಗಿಯಲು ೨೦೦೩ನೆಯ ಇಸವಿ ಬರಬೇಕಾಯಿತು. ಧರ್ಮಸಂಸ್ಥೆಗೆ ಕಸದ ಲೆಕ್ಕವೇಕೆ ಎಂದು ಅಲ್ಲಿಯೂ ಕೆಲವರು ಕೇಳಿದ್ದಿರಬೇಕು. ಇಲ್ಲಿಯೂ ಕೇಳುತ್ತಾರೆ, ಅದಕ್ಕೆ ಆಮೇಲೆ ಬರುತ್ತೇವೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ರಾಜಧಾನಿಯ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಬದಿಗೆ ಬಿದ್ದು ಗುಡ್ಡವಾಯಿತು. ಹಳ್ಳಿಯವರು ಲಾರಿಗಳನ್ನು ತಡೆದರು. ೨೦೧೨ರಲ್ಲಿ ಮಾವಳ್ಳಿಪುರಕ್ಕೆ, ೨೦೧೪ರ ಕೊನೆಗೆ ಮಂಡೂರಿಗೆ ಕಸ ಹೋಗುವುದು ನಿಂತಿತು. ಲಾರಿ ನಿಂತು ಬೀದಿಬೀದಿಯಲ್ಲಿ ನಾತ ಎದ್ದ ಮೇಲೆ, ಹಸಿ ಕಸ ಬೇರೆ, ಒಣ ಕಸ ಬೇರೆ ಎಂಬ ಜ್ಞಾನೋದಯ ಪಟ್ಟಣದವರಿಗೆ ಆಯಿತು. ಆ ಪಾಠವನ್ನು ಕಲಿಸಿದವರು ಪಂಡಿತರಲ್ಲ, ಲಾರಿಗೆ ಅಡ್ಡ ನಿಂತ ಹಳ್ಳಿಗರು.

ಇನ್ನು ನಮ್ಮ ಸೀಮೆಗೆ ಬರೋಣ. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಅಡವಿಗೆ ಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ತಬ್ಬಿ ನಿಂತರು. ಅದೇ ‘ಅಪ್ಪಿಕೋ’. ಅದಕ್ಕೆ ಮೊದಲು ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರು ಆ ಸೀಮೆಗೆ ಬಂದು ಮಾತನಾಡಿದ್ದರು. ಆದರೆ ಬಹುಗುಣರು ಬಂದು ಮರ ತಬ್ಬಲಿಲ್ಲ. ತಬ್ಬಿದವರು ಊರಿನವರು, ಮುಂದೆ ನಿಂತವರು ಯುವಕ ಮಂಡಳಿಯ ಹುಡುಗರು. ಉಳಿಸು, ಬೆಳೆಸು, ಬಳಸು ಎಂಬ ಮೂರೇ ಪದಗಳಲ್ಲಿ ತಮ್ಮ ಸಿದ್ಧಾಂತವನ್ನೆಲ್ಲ ಹೇಳಿದರು. ನಮ್ಮ ಶಾಸ್ತ್ರಿಗಳಿಗೆ ಇದನ್ನೇ ಹೇಳಲು ಮೂರು ಅಧ್ಯಾಯ ಬೇಕಾಗುತ್ತಿತ್ತು. ಆದರೆ ಒಂದು ಮಾತು. ಸಾಲ್ಕಣಿಯ ಕಡೆಯವರು ಬಹುಮಟ್ಟಿಗೆ ಅಡಕೆ ತೋಟದ ಒಡೆಯರು, ಓದಿದವರು, ಕಚೇರಿಯಲ್ಲಿ ಮಾತನಾಡಬಲ್ಲವರು. ತೋಟವೂ ಇಲ್ಲ, ಹೊಲವೂ ಇಲ್ಲ, ಓದೂ ಇಲ್ಲ ಎಂಬವರ ಗತಿ ಏನು?

ಅದಕ್ಕೆ ಕುಸನೂರಿನ ಕಥೆಯನ್ನು ಕೇಳಬೇಕು. ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಊರು ಇದು. ನಿಮ್ಮಲ್ಲಿ ಹಿರಿಯರು ಕೆಲವರಿಗೆ ನೆನಪಿರಬಹುದು. ೧೯೮೪ರಲ್ಲಿ ಸರಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಕಟ್ಟಿದವು. ಕಾರಖಾನೆಗೆ ಬೇಕಾದ ನೀಲಗಿರಿ ಮರ ಬೆಳೆಯಲು ಸುಮಾರು ೩೦,೦೦೦ ಹೆಕ್ಟೇರು, ಎಂದರೆ ೭೫,೦೦೦ ಎಕರೆಯಷ್ಟು ನೆಲವನ್ನು ಕೊಡುವ ಒಪ್ಪಂದ ಅದು. ಯಾವ ನೆಲ? ಕಾಗದದಲ್ಲಿ ‘ಸಿ ಮತ್ತು ಡಿ ದರ್ಜೆ’ ಎಂದು ಬರೆದ ನೆಲ. ಬರೆದವನ ಕಣ್ಣಿಗೆ ಅದು ಪಾಳು. ಊರವರಿಗೆ ಅದೇ ದನದ ಮೇವು, ಒಲೆಯ ಕಟ್ಟಿಗೆ, ಗುಡಿಸಲಿನ ಹುಲ್ಲು, ನೇಗಿಲಿನ ಮರ. ನಾಲ್ಕು ಕೂರಿಗೆ ಹೊಲ ಇದ್ದವನಿಗೆ ಬಣವೆಯಾದರೂ ಉಂಟು. ಏನೂ ಇಲ್ಲದವಳಿಗೆ, ಎರಡು ಆಡು ಕಟ್ಟಿಕೊಂಡ ವಿಧವೆಗೆ, ಆ ಪಾಳು ನೆಲವೇ ಆಸ್ತಿ. ನೀಲಗಿರಿಯ ಎಲೆಯನ್ನು ಆಡು ಕೂಡ ಮುಟ್ಟುವುದಿಲ್ಲ. ಆಡು ಬಿಟ್ಟ ಸೊಪ್ಪಿಲ್ಲ ಎಂಬ ಗಾದೆ ನೀಲಗಿರಿಯ ಮುಂದೆ ಸುಳ್ಳಾಯಿತು.

ಆ ಜನರೇನು ಮಾಡಿದರು? ಎರಡು ಬಾಗಿಲು ತಟ್ಟಿದರು. ಒಂದು, ನ್ಯಾಯಾಲಯದ ಬಾಗಿಲು. ಸಮಾಜ ಪರಿವರ್ತನ ಸಮುದಾಯದವರು, ಡಾ. ಶಿವರಾಮ ಕಾರಂತರು ಮತ್ತಿತರರು ಕೂಡಿ ೧೯೮೬ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ೧೯೮೭ರಲ್ಲಿ ತಡೆಯಾಜ್ಞೆ ಬಂದಿತು. ಎರಡನೆಯದು, ನೆಲದ ಬಾಗಿಲೇ. ೧೯೮೭ರ ನವೆಂಬರ್ ೧೪ರಂದು ಜನ ಕುಸನೂರಿನಲ್ಲಿ ಕೂಡಿದರು. ಹಲಿಗೆ ಬಾರಿಸುವವರು ಮುಂದೆ ನಡೆದರು. ಹಿಂಸೆ ಮಾಡೆವೆಂದು ಪ್ರತಿಜ್ಞೆ ಮಾಡಿದರು. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತು ಸುಮ್ಮನೆ ಮನೆಗೆ ಹೋದರೇ? ಇಲ್ಲ. ಕಿತ್ತ ಜಾಗದಲ್ಲಿ ಹಣ್ಣಿನ ಗಿಡ, ಮೇವಿನ ಗಿಡ ಹಚ್ಚಿದರು. ಅದಕ್ಕೇ ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾಯಿತು. ೧೯೯೧ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಕೀಳುವುದು ಸಿಟ್ಟಿನ ಕೆಲಸ, ಯಾರೂ ಮಾಡಬಹುದು. ಅದೇ ಕುಣಿಯಲ್ಲಿ ಇನ್ನೊಂದು ಗಿಡ ಹಚ್ಚುವವನಿಗೆ ಮಾತ್ರ ಆ ನೆಲ ತನ್ನದೆಂಬ ಅರಿವು ಇರುತ್ತದೆ. ಯಾವ ಗಿಡ ಹಚ್ಚಬೇಕೆಂಬುದು ಯಾರಿಗೆ ಗೊತ್ತಿತ್ತು? ಹುಲ್ಲು ಕೊಯ್ದವರಿಗೆ, ಆಡು ಕಾಯ್ದವರಿಗೆ ಗೊತ್ತಿತ್ತು.

ಇಲ್ಲಿ ನಮ್ಮ ಮುಖ್ಯ ವಿಚಾರ ಬರುತ್ತದೆ. ‘ನೇತೃ’ ಎಂಬ ಶಬ್ದಕ್ಕೆ ಮೂಲ ‘ನೀ’ ಧಾತು. ಅದಕ್ಕೆ ಮುಟ್ಟಿಸುವುದು, ಕರೆದೊಯ್ದು ತಲುಪಿಸುವುದು ಎಂದರ್ಥ. ‘ನೇತ್ರ’ ಎಂಬುದೂ ಅದೇ ಧಾತುವಿನಿಂದ ಬಂದದ್ದು. ನಮ್ಮನ್ನು ಒಯ್ಯುವುದು ಕಣ್ಣು, ಕಂಡವನೇ ನೇತಾರ. ಶಾಸ್ತ್ರಕಾರರು ಪಂಗ್ವಂಧ ನ್ಯಾಯವೆಂದು ಒಂದು ದೃಷ್ಟಾಂತ ಕೊಡುತ್ತಾರೆ. ಅಡವಿಯಲ್ಲಿ ಒಬ್ಬ ಕುರುಡ, ಒಬ್ಬ ಕುಂಟ. ಕುರುಡನಿಗೆ ಕಾಲು ಗಟ್ಟಿ, ದಾರಿ ಕಾಣದು. ಕುಂಟನಿಗೆ ದಾರಿ ಕಾಣುತ್ತದೆ, ನಡೆಯಲಾರ. ಕುರುಡ ಕುಂಟನನ್ನು ಹೆಗಲ ಮೇಲೆ ಕೂರಿಸಿಕೊಂಡ. ಇಬ್ಬರೂ ಊರು ಮುಟ್ಟಿದರು. ನಾವು ಪಾಠ ಕಲಿತದ್ದು ಸಾಂಖ್ಯರ ಪ್ರಕೃತಿ ಪುರುಷರನ್ನು ತಿಳಿಯಲೆಂದು. ಆದರೆ ಇಂದಿನ ನಮ್ಮ ವಿಷಯಕ್ಕೂ ಇದು ಸಲ್ಲುತ್ತದೆ. ಮಠಕ್ಕೆ, ಊರ ಹಿರಿಯರಿಗೆ, ಅನುಕೂಲಸ್ಥರಿಗೆ ಕಾಲು ಗಟ್ಟಿ: ಹಣ ಉಂಟು, ಪರಿಚಯ ಉಂಟು, ಕಚೇರಿಗೆ ಹೋದರೆ ಕುರ್ಚಿ ಉಂಟು. ಆದರೆ ಹೊಗೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೊಗೆಯಲ್ಲಿ ಬೆಳೆದ ಹುಡುಗರಿಗೆ ಎಲ್ಲವೂ ಕಾಣುತ್ತದೆ. ತಾಲ್ಲೂಕು ಕಚೇರಿಯ ಮೆಟ್ಟಿಲು ಅವರಿಗೆ ಎತ್ತರ. ಹೆಗಲ ಮೇಲೆ ಯಾರು ಕೂಡಬೇಕು, ಕೆಳಗೆ ಯಾರು ನಡೆಯಬೇಕು?

ಈ ಮಾತನ್ನು ಕಾರಣವಿಲ್ಲದೆ ಹೇಳುತ್ತಿಲ್ಲ. ಕಳೆದ ತಿಂಗಳು ಒಂದು ಕೇರಿಯ ಏಳೆಂಟು ಜನ ಹುಡುಗ ಹುಡುಗಿಯರು ಮಠಕ್ಕೆ ಬಂದರು. ಅವರ ಗೋಮಾಳದ ಅಂಚಿಗೆ ಪಟ್ಟಣದ ಕಸ ಬೀಳುತ್ತದೆ, ರಾತ್ರಿ ಅದಕ್ಕೆ ಬೆಂಕಿ ಇಡುತ್ತಾರೆ. ಅವರಲ್ಲಿ ಒಬ್ಬಳು ಬಿ.ಎಸ್ಸಿ. ಓದುವ ಹುಡುಗಿ, ಕೈಯಲ್ಲಿ ಒಂದು ವಹಿ. ಯಾವ ದಿನ ಎಷ್ಟು ಟ್ರ್ಯಾಕ್ಟರು ಬಂದವು, ಯಾವ ರಾತ್ರಿ ಬೆಂಕಿ ಬಿತ್ತು, ಯಾವ ಮನೆಯ ಕೂಸಿಗೆ ಕೆಮ್ಮು ಹತ್ತಿತು, ಬೋರಿನ ನೀರಿಗೆ ಎಂದಿನಿಂದ ವಾಸನೆ ಬಂತು, ಎಲ್ಲವನ್ನೂ ಮೂರು ತಿಂಗಳಿಂದ ಬರೆದಿಟ್ಟಿದ್ದಾಳೆ. ಅವರೊಳಗೆ ಒಬ್ಬ ಹುಡುಗ, “ಅಜ್ಜಾರ, ನೀವು ಮುಂದ ನಿಂತರ ಯಾರೂ ಎದುರು ಮಾತಾಡಂಗಿಲ್ಲ. ನಮ್ಮ ಮಾತು ಯಾರು ಕೇಳ್ತಾರ್ರಿ?” ಎಂದ. ನಾವು ಆ ವಹಿಯನ್ನು ಪೂರ್ತಿ ಓದಿದೆವು. “ತಮ್ಮಾ, ನಾವು ಮುಂದೆ ನಿಂತರೆ ಮಾತು ನಮ್ಮದಾಗುತ್ತದೆ, ಹೊಗೆ ನಿಮ್ಮದಾಗಿಯೇ ಉಳಿಯುತ್ತದೆ. ನೀವು ಮುಂದೆ ನಡೆಯಿರಿ, ನಾವು ಹಿಂದೆ ಇದ್ದೇವೆ” ಎಂದು ಹೇಳಿದೆವು. ಹುಡುಗನಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. ಹಿಂದೆ ಇದ್ದೇವೆ ಎಂದು ಹೇಳಿ ಮರೆತವರನ್ನು ಆ ಕೇರಿ ಬೇಕಾದಷ್ಟು ಕಂಡಿದೆ.

ಆದ್ದರಿಂದ ಹಿಂದೆ ನಿಲ್ಲುವುದೆಂದರೆ ಏನೆಂದು ಬಿಡಿಸಿ ಹೇಳಬೇಕು. ಕೂಲಿಯ ಹುಡುಗ ಒಂದು ದಿನ ಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಸಾಹೇಬರು ಇಲ್ಲ, ನಾಳೆ ಬಾ ಎಂದರೆ ಎರಡು ದಿನದ ಕೂಲಿ. ಅನ್ಯಾಯವಾಗಿದೆ ಎಂದು ಹೇಳುವುದಕ್ಕೂ ಬಡವನು ಹಣ ತೆರಬೇಕು. ಆ ಕೂಲಿಯನ್ನು ತುಂಬಿಕೊಡುವುದು ದಾಸೋಹವಲ್ಲವೇ? ಅನ್ನ ಬಡಿಸುವುದೊಂದೇ ದಾಸೋಹವೆಂದು ತಿಳಿದಿರುವಿರಾ? ಮಾಹಿತಿ ಹಕ್ಕಿನ ಕಾಯದೆ ೨೦೦೫ರಲ್ಲಿ ಬಂದಿದೆ. ಅರ್ಜಿಗೆ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ೨೦೧೧ರ ಜನವರಿಯಲ್ಲಿ ಜಗಪಾಲ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಊರ ಸಾಮಾನ್ಯ ನೆಲವನ್ನು ಒತ್ತಿಕೊಂಡವರನ್ನು ಬಿಡಿಸಿ ಊರಿಗೆ ಮರಳಿಸಿರಿ ಎಂದು ರಾಜ್ಯಗಳಿಗೆಲ್ಲ ಹೇಳಿತು. ಇವೆಲ್ಲ ಪುಸ್ತಕದಲ್ಲಿವೆ. ಪುಸ್ತಕವನ್ನು ಕೇರಿಗೆ ಮುಟ್ಟಿಸುವ ವಕೀಲರು ನಿಮ್ಮಲ್ಲಿ ಇದ್ದೀರಿ. ನೀರಿನ ಪರೀಕ್ಷೆ ಮಾಡಿಸಬಲ್ಲ ಮಾಸ್ತರರು ಇದ್ದೀರಿ. ವಾರಕ್ಕೆ ಒಂದು ಸಂಜೆ ಮಠದ ಒಂದು ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೇವೆ. ಕೀಲಿ ಅವರ ಕೈಯಲ್ಲಿಯೇ ಇದೆ.

ಇನ್ನು, ಮಠಕ್ಕೇಕೆ ಈ ಉಸಾಬರಿ ಎನ್ನುವವರಿಗೆ ಎರಡು ಮಾತು. ಗದಗ ಸೀಮೆಯಲ್ಲಿ ೨೦೧೧ರಲ್ಲಿ ಪೋಸ್ಕೋ ಕಾರಖಾನೆಗೆ ರೈತರ ಹೊಲ ಹೋಗುವ ಪ್ರಸಂಗ ಬಂದಾಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಬಿಸಿಲಿಗೆ ಇಳಿದರು; ಹೊಲ ಉಳಿಯಿತು. ಕಪ್ಪತಗುಡ್ಡಕ್ಕಾಗಿ ಮತ್ತೆ ೨೦೧೭ರಲ್ಲಿ ಕುಳಿತರು. ಅವರು ಮಾಡಿದ್ದು ದೊಡ್ಡ ಕೆಲಸ. ಆಗ ಎದುರಿಗೆ ಇದ್ದದ್ದು ಹೊರಗಿನ ಕಂಪನಿ. ಭಕ್ತರೆಲ್ಲ ಒಂದು ಕಡೆಗೆ ಇದ್ದರು. ಈಗ ನಮ್ಮ ಮುಂದಿರುವುದು ಅದಕ್ಕಿಂತ ಸಣ್ಣದು, ಆದರೆ ಕಠಿಣವಾದದ್ದು. ಏಕೆಂದರೆ ಎದುರಿಗೆ ಯಾವ ಕಂಪನಿಯೂ ಇಲ್ಲ. ಆ ಕಸ ನಿಮ್ಮ ಮನೆಯದು. ಅದನ್ನು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಮಾಲೀಕರಲ್ಲಿ ಇಬ್ಬರು ಈ ಸಭೆಯಲ್ಲಿಯೇ ಕುಳಿತಿದ್ದಾರೆ, ಜಾತ್ರೆಗೆ ಕಾಣಿಕೆ ಕೊಡುವವರೂ ಹೌದು. ಅವರ ಮೇಲೆ ನಮಗೆ ಸಿಟ್ಟಿಲ್ಲ, ಅವರಿಗೂ ಹೊಟ್ಟೆಪಾಡು. ಹಸಿ ಒಣ ಬೇರೆ ಮಾಡಿ ಕೊಡಿರಿ ಎಂದು ೨೦೧೬ರ ನಿಯಮಗಳಲ್ಲಿ ಹೇಳಿದ್ದಾಗಿದೆ. ಬೇರೆ ಮಾಡದೆ ಕೊಡುವವರು ನೀವು. ಹಸಿ ಕಸ ತಿಪ್ಪೆಯಾದರೆ ಗೊಬ್ಬರ, ಪ್ಲಾಸ್ಟಿಕ್ ಕೂಡಿದರೆ ಬೆಂಕಿಯೇ ಗತಿ. ಮುತ್ತಲ ಎಲೆಯ ಪತ್ರಾವಳಿ ಬಿಟ್ಟು ಥರ್ಮಾಕೋಲಿನ ತಾಟು ಹಿಡಿದವರು ಮದುವೆಯ ಮರುದಿನ ಆ ಕೇರಿಗೆ ಒಮ್ಮೆ ಹೋಗಿ ನೋಡಿಬರಬೇಕು.

ಬರುವ ಮಂಗಳವಾರ ಮುಂಜಾನೆ ಹನ್ನೊಂದು ಗಂಟೆಗೆ ಆ ಊರಿನಲ್ಲಿ ಗ್ರಾಮಸಭೆ ಇದೆ. ವಹಿಯನ್ನು ಆ ಹುಡುಗಿಯೇ ಓದುತ್ತಾಳೆ. ಪಟ್ಟಣದ ಅಧಿಕಾರಿಗಳನ್ನೂ ಕರೆದಿದ್ದಾರೆ. ನಾವು ಬರುತ್ತೇವೆ, ವೇದಿಕೆಯ ಮೇಲೆ ಅಲ್ಲ, ಜನರ ನಡುವೆ ಜಮಖಾನೆಯ ಮೇಲೆ ಕುಳಿತುಕೊಳ್ಳುತ್ತೇವೆ. ಹಾರ ತರಬೇಡಿರಿ, ನಮಗೆ ಮಾತನಾಡಿರೆಂದು ಒತ್ತಾಯ ಮಾಡಬೇಡಿರಿ. ಟ್ರ್ಯಾಕ್ಟರಿನ ಮಾಲೀಕರೂ ಬರಲಿ, ಅವರ ಅಡಚಣೆಯನ್ನೂ ಹೇಳಲಿ. ವಕೀಲರು ಇಬ್ಬರು ಹೆಸರು ಕೊಟ್ಟಿದ್ದಾರೆ, ಇನ್ನೊಬ್ಬರು ಬೇಕು. ಹೋಗಿಬರಲು ಮಠದ ಶಾಲೆಯ ವಾಹನ ಹತ್ತು ಗಂಟೆಗೆ ಹೊರಡುತ್ತದೆ. ಈಗ ಪ್ರಸಾದಕ್ಕೆ ಏಳಿರಿ. ದೂರದಿಂದ ಬಂದವರು ಮೊದಲ ಪಂಕ್ತಿಗೆ ಕುಳಿತುಕೊಳ್ಳಲಿ.